ಹತ್ತನೇ ನಂಬರಿನ ಉಪಕಾರ

ನಾನು ಒಂದು ಬಲಗಾಲಿನ ಶೂ. ಎಡಗಾಲಿನವನು ನನ್ನ ಜೋಡಿ. ಇಬ್ಬರನ್ನೂ ಒಂದೇ ಡಬ್ಬಿಯಲ್ಲಿ ಮಲಗಿಸಿ ಅಂಗಡಿಗೆ ಕಳಿಸಿದರು. ಅವನದು ಮಾತು ಕಡಿಮೆ. ಹೇಳಬೇಕಾದದ್ದು ಇರುವುದೂ ನನಗೇ, ಏಕೆಂದರೆ ತಪ್ಪು ನಡೆದದ್ದು ಬಲಗಾಲಿನಲ್ಲಿ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ಒಬ್ಬಾಕೆ ನನ್ನ ಮೇಲ್ಭಾಗ ಹೊಲಿದಳು, ಇನ್ನೊಬ್ಬಾಕೆ ಅಂಟು ಬಳಿದಳು, ಯಂತ್ರವೊಂದು ಒಂದೂವರೆ ಅಂಗುಲ ದಪ್ಪದ ರಬ್ಬರು ತಳವನ್ನು ಒತ್ತಿ ಕೂರಿಸಿತು. ಮುಳ್ಳು, ಕಲ್ಲು, ಕೆಸರು, ಬಿಸಿ, ಚಳಿ ಯಾವುದೂ ಒಳಗೆ ಬಾರದು ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ್ದರು. ನಾನು ಆ ಮಾತಿಗೆ ಬೀಗಿದ್ದೆ. ಅದು ಹೊಗಳಿಕೆಯೋ ಬೈಗುಳವೋ ಎಂದು ಯೋಚಿಸುವ ಬುದ್ಧಿ ಆಗ ಇರಲಿಲ್ಲ.

ನನ್ನನ್ನು ಕೊಂಡವರು ಮೈಸೂರಿನ ಹಲ್ಲಿನ ಡಾಕ್ಟರು ಸುಧೀಂದ್ರ. ಮೇ ತಿಂಗಳ ಧಗೆಗೆ ಬೇಸತ್ತು, ಹೆಂಡತಿ ಮಾಲಿನಿಯವರ ಜೊತೆ ಮೂರು ದಿನದ ಮಟ್ಟಿಗೆ ಚಾಮರಾಜನಗರದ ಕಡೆಯ ಕರಡಿಕಲ್ಲು ಬೆಟ್ಟಕ್ಕೆ ಹೊರಟಿದ್ದರು. ಅಲ್ಲೊಂದು ಲಾಡ್ಜು. ಹೊರಗಿನಿಂದ ನೋಡಿದರೆ ಎಂಟು ಗುಡಿಸಲು, ಒಳಗೆ ಬಿಸಿನೀರು, ಮೆತ್ತನೆಯ ಹಾಸಿಗೆ. ಬೆಳಿಗ್ಗೆ ಆರಕ್ಕೆ ಕಾಫಿ ಕುಡಿದು ಬೆಟ್ಟ ಹತ್ತುವುದು, ಪ್ರಾಣಿ ನೋಡುವುದು, ಬಂದು ತಿಂಡಿ ತಿನ್ನುವುದು, ಮಧ್ಯಾಹ್ನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗುವುದು. ಊರಿನ ಜನಕ್ಕೆ ಅದು ಸ್ವರ್ಗ. ಡಾಕ್ಟರು ಮಾತ್ರ ಮೊದಲ ದಿನವೇ ಕುಂಟತೊಡಗಿದರು, ನಾನು ಅವರ ಹಿಮ್ಮಡಿ ಕಚ್ಚಿದ್ದೆ.

ನಮ್ಮ ಮುಂದೆ ಗೈಡ್ ನಡೆಯುತ್ತಿದ್ದ. ಹೆಸರು ಅಚ್ಚುಗೇಗೌಡ, ಸೋಲಿಗರವನು, ಐವತ್ತರ ಆಸುಪಾಸು. ಡಾಕ್ಟರನ್ನು ಅವರು ಎಂದೂ ಇವನನ್ನು ಅವನು ಎಂದೂ ಕರೆಯುತ್ತೇನೆಂದು ಬೇಸರ ಬೇಡ. ಕಾಲುಚೀಲವಿಲ್ಲದ ಪಾದ ಕಂಡವರ ಮೇಲೆ ನಮಗೆ ಸಲಿಗೆ ಹೆಚ್ಚು. ಅವನದು ಬರಿಗಾಲು. ನನ್ನ ಎತ್ತರಕ್ಕೆ ಮೊದಲು ಕಂಡದ್ದೇ ಆ ಪಾದಗಳು: ಬೆರಳುಗಳು ಒಂದನ್ನೊಂದು ಬಿಟ್ಟು ಅಗಲವಾಗಿ ಹರಡಿದ್ದವು, ಹಿಮ್ಮಡಿ ಬೇಸಿಗೆಯ ಕೆರೆಯಂತೆ ಸೀಳಿತ್ತು. ಅವನು ಕಾಲಿಟ್ಟರೆ ಒಣ ಎಲೆಯೂ ಸದ್ದು ಮಾಡುತ್ತಿರಲಿಲ್ಲ. ನಾನು ಹೆಜ್ಜೆಹೆಜ್ಜೆಗೂ ಕರಕ್ ಕರಕ್ ಎನ್ನುತ್ತಿದ್ದೆ.

ಒಂದು ಕಡೆ ಆನೆಯ ಲದ್ದಿ ಬಿದ್ದಿತ್ತು. ಅವನು ಬಲಗಾಲನ್ನು ಅದರ ಮೇಲಿಟ್ಟು, ಬಾಗಿಲ ಬಳಿ ಕಿವಿಗೊಟ್ಟವರ ಹಾಗೆ ಒಂದು ಗಳಿಗೆ ನಿಂತ.

"ಬೆಚ್ಚಗದ ಸಾ. ಹೋಗಿ ಅರ್ಧ ಗಂಟ ಆಗಿರಬೌದು. ಈ ದಾರಿ ಬ್ಯಾಡಿ, ಮ್ಯಾಲಿಂದ ಸುತ್ತಿ ಹೋಗವ."

"ಕಾಲಲ್ಲಿ ಗೊತ್ತಾಗುತ್ತಾ?" ಎಂದರು ಡಾಕ್ಟರು.

"ಕೈ ಅನ್ನ ಉಣ್ಣಕ್ಕೆ ಸಾ. ಕಾಡು ನೋಡಕ್ಕೆ ಕಾಲೇ."

ಮೇಲಿನಿಂದ ಸುತ್ತಿ ಹೋದಾಗ ಕೆಳಗಿನ ಕಣಿವೆಯಲ್ಲಿ ಏಳು ಆನೆಗಳು ಕಂಡವು, ನಡುವೆ ಮರಿಯೊಂದು. ಮೂರು ದಿನದಲ್ಲಿ ಅವನು ಅವರಿಗೆ ಕಾಟಿ ಎನ್ನುವ ಕಾಡುಕೋಣ, ಕರಡಿ, ಕೆಂದಳಿಲು, ಗೂಡಿಗೆ ಹಣ್ಣು ತರುವ ಮಂಗಟ್ಟೆ ಹಕ್ಕಿ ಎಲ್ಲವನ್ನೂ ತೋರಿಸಿದ. ಮೂವತ್ತು ವರ್ಷದಲ್ಲಿ ಅವನ ಕಾಲು ಹೇಳಿದ ಮಾತು ಒಂದೂ ಸುಳ್ಳಾಗಿರಲಿಲ್ಲವಂತೆ. ಬೆಟ್ಟದಲ್ಲಿ ಅವನಿಗಿದ್ದ ಆಸ್ತಿ ಅದೊಂದೇ.

ಇನ್ನೊಂದು ಮಾತು ಹೇಳಬೇಕು. ಅವನಪ್ಪನ ಕಾಲದಲ್ಲೇ ಅವರ ಪೋಡನ್ನು, ಅಂದರೆ ಹಾಡಿಯನ್ನು, ಕಾಡಿನ ಒಳಗಿನಿಂದ ಎಬ್ಬಿಸಿ ರಸ್ತೆಯ ಬದಿಗೆ ತಂದು ಕೂರಿಸಿದ್ದರು. ಅಪ್ಪ ಸತ್ತಾಗ ಅವನ ಹೆಸರಿನಲ್ಲಿ ನೆಟ್ಟ ಕಲ್ಲು ಮಾತ್ರ ಕಾಡಿನ ಒಳಗೇ, ಹಿರಿಯರ ಕಲ್ಲುಗಳ ಪಕ್ಕ ಇತ್ತು. ಹುಟ್ಟಿದ ಜಾಗಕ್ಕೆ ಹೋಗಬೇಕಾದರೂ ಅರಣ್ಯ ಇಲಾಖೆಯ ಗೇಟಿನಲ್ಲಿ ನಿಂತು ಕಾರಣ ಹೇಳಬೇಕು. ಗೈಡ್ ಕೆಲಸದಲ್ಲಿ ಇರುವಷ್ಟು ದಿನ ಯಾರೂ ಅವನನ್ನು ಕಾರಣ ಕೇಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಆ ಕಲ್ಲಿನ ಪಕ್ಕ ಹಾದು, ಕಾಲಬೆರಳಿನಿಂದ ಮೆಲ್ಲಗೆ ಅದನ್ನು ಮುಟ್ಟಿ ಮುಂದೆ ಹೋಗುತ್ತಿದ್ದ. ಅತಿಥಿಗಳು ಅದನ್ನು ಎಡವಿದ್ದೆಂದು ತಿಳಿಯುತ್ತಿದ್ದರು.

ಹೊರಡುವ ದಿನ ಮಾಲಿನಿಯವರು ಗಂಡನಿಗೆ ಹೇಳಿದರು. "ಪಾಪ ರೀ, ಈ ವಯಸ್ಸಲ್ಲಿ ಬರಿಗಾಲಲ್ಲಿ ನಡೀತಾರೆ. ನಿಮಗಂತೂ ಈ ಶೂ ಕಚ್ಚುತ್ತೆ. ಅವರಿಗೇ ಕೊಟ್ಟುಬಿಡಿ."

ಡಾಕ್ಟರಿಗೆ ಅರ್ಧ ಕನಿಕರ, ಅರ್ಧ ಹಿಮ್ಮಡಿಯ ಬೊಬ್ಬೆ. ಎರಡೂ ಸೇರಿ ಒಂದು ಉಪಕಾರವಾಯಿತು. ಅಚ್ಚುಗೇಗೌಡ ನನ್ನನ್ನು ತಿರುಗಿಸಿ ನೋಡಿ, "ಬ್ಯಾಡಿ ಸಾ, ನಂಗ ಹಿಂಗೇ ಆಯ್ತದ" ಎಂದ. ಸಂಕೋಚ ಪಡುತ್ತಿದ್ದಾನೆ ಎಂದುಕೊಂಡು ಅವರು ನಮ್ಮನ್ನು ಅವನ ಕಾಲಬುಡದಲ್ಲೇ ಬಿಟ್ಟು ಕಾರು ಹತ್ತಿದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಅವನ ಮನೆಯ ಮೂಲೆಯಲ್ಲಿ ಇಲಿಗೆ ಗೂಡಾಗಿ ನೆಮ್ಮದಿಯಿಂದ ಇರುತ್ತಿದ್ದೆ. ಆದರೆ ಮಾಲಿನಿಯವರದು ನಿಜವಾಗಿಯೂ ಒಳ್ಳೆಯ ಮನಸ್ಸು. ಊರಿಗೆ ಹೋದವರು ಲಾಡ್ಜಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರೆದರು: ಬೆಟ್ಟ ಚೆನ್ನ, ಊಟ ಚೆನ್ನ, ಗೈಡ್ ದೇವರಂಥವರು, ಆದರೆ ಅವರಿಗೆ ಒಂದು ಜೊತೆ ಶೂ ಕೂಡ ಕೊಡದ ಲಾಡ್ಜಿಗೆ ನಾಚಿಕೆಯಾಗಬೇಕು. ಓದಿದವರೆಲ್ಲ ಹೌದೌದು ಎಂದರು. ನಾಲ್ಕು ಜನ ಕಾದಿರಿಸಿದ ಕೋಣೆಯನ್ನೇ ಬಿಟ್ಟರು. ಮ್ಯಾನೇಜರ್ ಜಯಪ್ರಸಾದ್ ಅಚ್ಚುಗೇಗೌಡನನ್ನು ಕರೆದು, "ನಾಳೆಯಿಂದ ಶೂ ಇಲ್ಲದೆ ಕಾಡಿಗೆ ಕಾಲಿಡಬೇಡ. ಮೇಲಿನವರ ಆರ್ಡರು. ಆಗಲ್ಲ ಅಂದ್ರೆ ಕೆಲಸ ಬಿಡು" ಎಂದ.

ಕೆಲಸ ಬಿಡುವುದೆಂದರೆ ಕಾಡು ಬಿಡುವುದು. ಅವನು ನನ್ನನ್ನು ಹಾಕಿಕೊಂಡ.

ನಾನು ಹತ್ತನೇ ನಂಬರು. ಅವನ ಪಾದ ಉದ್ದದಲ್ಲಿ ಏಳು, ಅಗಲದಲ್ಲಿ ಹನ್ನೆರಡು. ಹೆಂಡತಿ ಕೇತಮ್ಮ ಹಳೆ ಸೀರೆ ಹರಿದು ಮುಂದುಗಡೆ ತುರುಕಿದಳು. ಬೆರಳುಗಳು ಒಂದರ ಮೇಲೊಂದು ಬಿದ್ದು ಒದ್ದಾಡಿದವು. ಮೂಗಿಗಿಂತ ಮೂಗುತಿ ಭಾರ ಎಂದು ಕೇತಮ್ಮ ನಕ್ಕಳು, ಅವನು ನಗಲಿಲ್ಲ. ಮಾರನೆಯ ದಿನದಿಂದ ನನ್ನ ಕರಕ್ ಕರಕ್ ಕೇಳಿಯೇ ಕಾಡು ಖಾಲಿಯಾಗುತ್ತಿತ್ತು. ಕಾಟಿಯ ಬೆನ್ನು ಸಹ ಕಾಣುತ್ತಿರಲಿಲ್ಲ. ಇವನ ಜೊತೆ ಹೋದರೆ ಅಳಿಲೂ ಸಿಗಲ್ಲ ಎಂದು ಅತಿಥಿಗಳು ಗೊಣಗತೊಡಗಿದರು.

ಆಮೇಲೆ ಅವನು ಒಂದು ಉಪಾಯ ಹೂಡಿದ. ಮೊದಲ ತಿರುವು ದಾಟಿದೊಡನೆ ನಮ್ಮನ್ನು ಬಿಚ್ಚಿ ಪೊದೆಯ ಕೆಳಗೆ ಇಟ್ಟು, ಅತಿಥಿಗಳನ್ನು ಕರೆದುಕೊಂಡು ಬರಿಗಾಲಲ್ಲಿ ಹೋಗುವುದು, ಮರಳುವಾಗ ಹಾಕಿಕೊಳ್ಳುವುದು. ಅವು ನನ್ನ ಬದುಕಿನ ಒಳ್ಳೆಯ ದಿನಗಳು. ನಮ್ಮಿಂದ ಯಾರಿಗೂ ತೊಂದರೆ ಇರಲಿಲ್ಲ. ಜನ ಮತ್ತೆ ಆನೆ ಕಂಡೆವು, ಕರಡಿ ಕಂಡೆವು ಎಂದು ಹಿಗ್ಗುತ್ತಾ ಬರುತ್ತಿದ್ದರು. ಒಂದು ದಿನ ಯಾರೋ ತೆಗೆದು ಇಂಟರ್ನೆಟ್ಟಿಗೆ ಹಾಕಿದ ಫೋಟೋದಲ್ಲಿ ಕರಡಿಯ ಜೊತೆಗೆ ಅವನ ಬರಿಗಾಲೂ ಬಿತ್ತು. ಕರಡಿಯನ್ನು ಯಾರೂ ನೋಡಲಿಲ್ಲ.

"ಇದೇ ಕೊನೆ" ಎಂದ ಮ್ಯಾನೇಜರ್. "ಇನ್ನೊಂದು ಸಲ ಬಿಚ್ಚಿದ್ದು ಗೊತ್ತಾದರೆ ಗೇಟಿನೊಳಗೆ ಬರೋದೇ ಬೇಡ."

ಅದಾಗಿ ನಾಲ್ಕನೆಯ ದಿನ, ತುಮಕೂರಿನ ನಿವೃತ್ತ ಮೇಷ್ಟ್ರು ನರಹರಿಯವರೂ ಅವರ ಹೆಂಡತಿಯೂ ಹೊರಟರು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಊರುಗೋಲು, ಬಾಯಲ್ಲಿ ಹಳೆಯ ಹಾಡು. ನೀರಿನ ಗುಂಡಿಗೆ ಇಳಿಯುವ ದಾರಿಯಲ್ಲಿ ಲದ್ದಿ ಬಿದ್ದಿತ್ತು. ಅಚ್ಚುಗೇಗೌಡ ಎಂದಿನಂತೆ ಬಲಗಾಲನ್ನು ಅದರ ಮೇಲಿಟ್ಟು ನಿಂತ.

ಅಂದರೆ ನನ್ನನ್ನು ಇಟ್ಟ. ಬಿಸಿ ನನಗೆ ತಾಗಿತು. ನನ್ನ ತಳದ ಗೆರೆಗೆರೆಗೂ ತಾಗಿತು. ಆಗಷ್ಟೇ ಬಿದ್ದದ್ದು, ಹಬೆ ಕೂಡ ಆರಿರಲಿಲ್ಲ. ಒಂದೂವರೆ ಅಂಗುಲ ದಾಟಿಸಿದ್ದರೆ ಸಾಕಿತ್ತು. ನಾನು ದಾಟಿಸಲಿಲ್ಲ. ಯಾವುದೂ ಒಳಗೆ ಬಾರದು ಎಂದು ಡಬ್ಬಿಯ ಮೇಲೆ ಬರೆದಿದ್ದರಲ್ಲ, ಆ ಮಾತು ಉಳಿಸಿಕೊಂಡೆ.

"ತಣ್ಣಗದ ಸಾ" ಎಂದ ಅವನು. "ಬೆಳಗಿನ ಜಾವದ್ದು. ಬನ್ನಿ, ಏನಿಲ್ಲ."

ತಿರುವಿನಲ್ಲೇ ತಾಯಿ ಆನೆ ಇತ್ತು, ಹೊಟ್ಟೆಯ ಕೆಳಗೆ ಮರಿ. ಅದು ಕಿವಿ ಅಗಲಿಸಿ ನುಗ್ಗಿತು. ಅಚ್ಚುಗೇಗೌಡ ಇಬ್ಬರನ್ನೂ ಹಿಂದಕ್ಕೆ ತಳ್ಳಿ ನಡುವೆ ನಿಂತು ಕೂಗಿದ. ಹತ್ತು ಮಾರು ದೂರದಲ್ಲಿ ಆನೆ ತಡೆದು ನಿಂತು, ಮರಿಯನ್ನು ಮುಂದೆ ಮಾಡಿಕೊಂಡು ಹೊರಟುಹೋಯಿತು. ಅಷ್ಟರಲ್ಲಿ ಓಡಲು ಹೋದ ಮೇಷ್ಟ್ರು ಇಳಿಜಾರಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅವನು ಅವರನ್ನು ಬೆನ್ನ ಮೇಲೆ ಹೊತ್ತು ತಂದ. ದಾರಿಯುದ್ದಕ್ಕೂ ಅವರು ನರಳುತ್ತಿದ್ದರು. ಇವನು ಮಾತ್ರ ಒಂದೇ ಮಾತನ್ನು ಗೊಣಗುತ್ತಿದ್ದ: "ತಣ್ಣಗಿತ್ತಲ್ಲ, ನನ್ನ ಕಾಲ್ಗ ತಣ್ಣಗಿತ್ತಲ್ಲ."

ವಿಚಾರಣೆಗೆ ಬಂದವರು, ಬಗ್ಗಿ ಕೈಯಲ್ಲಿ ಮುಟ್ಟಿ ನೋಡಬಹುದಿತ್ತಲ್ಲ ಎಂದು ಕೇಳಿದರು. ಮೂವತ್ತು ವರ್ಷ ಕಾಲಿನಲ್ಲಿ ಕೇಳಿಸಿಕೊಂಡವನಿಗೆ ಆ ಗಳಿಗೆಯಲ್ಲಿ ಅದು ಹೊಳೆದಿರಲಿಲ್ಲ. ಗೈಡ್ ನಿಯಮದಂತೆ ಶೂ ಧರಿಸಿದ್ದರಿಂದ ಲಾಡ್ಜಿನ ಕಡೆಯಿಂದ ಲೋಪವಿಲ್ಲ, ಪ್ರಾಣಿಯ ಸುಳಿವು ತಿಳಿಯುವಲ್ಲಿ ಗೈಡ್ ತಪ್ಪಿದ್ದಾನೆ ಎಂದು ಬರೆದುಕೊಂಡರು. ಲಾಡ್ಜನ್ನು ಉಳಿಸಿದ್ದು ನಾನು. ಹೀಗೊಂದು ಕೀರ್ತಿಯೂ ನನ್ನ ಪಾಲಿಗೆ ಬಂತು.

ಕನಿಕರ ಮಾಡಿ ಅವನನ್ನು ಪೂರ್ತಿ ಕೈಬಿಡಲಿಲ್ಲ. ಲಾಡ್ಜಿನ ಗೇಟಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಕೂರಿಸಿದರು. ಕಾರು ಬಂದರೆ ಗೇಟು ತೆಗೆಯಬೇಕು, ಸಲಾಮು ಹೊಡೆಯಬೇಕು, ಒಳಗಿನ ಕಾಡಿಗೆ ಮಾತ್ರ ಕಾಲಿಡಕೂಡದು. ಗೇಟಿನವನಿಗೂ ಶೂ ಕಡ್ಡಾಯ. ಪೋಡಿನಲ್ಲಿ ಯಾರೂ ಅವನನ್ನು ಆಡಿಕೊಳ್ಳಲಿಲ್ಲ. ಆದರೆ ಜೇನಿಗೆ ಹೋಗುವವರು ಮೊದಲಿನ ಹಾಗೆ ಅವನ ಮನೆಮುಂದೆ ನಿಂತು ದಾರಿ ಕೇಳುವುದನ್ನು ಬಿಟ್ಟರು. ಅವನಿಗೆ ನೋವಾದದ್ದು ಅದು.

ಮುಂದಿನ ಬೇಸಿಗೆಗೆ ಡಾಕ್ಟರೂ ಮಾಲಿನಿಯವರೂ ಮತ್ತೆ ಬಂದರು. ಕಾರಿನಿಂದ ಇಳಿದವರೇ ನನ್ನನ್ನು ಗುರುತಿಸಿ ಹಿಗ್ಗಿದರು.

"ನೋಡಿ, ನಾವು ಕೊಟ್ಟಿದ್ದೇ ಹಾಕಿಕೊಂಡಿದ್ದಾರೆ. ಈಗ ಆರಾಮಾಗಿ ನೆರಳಲ್ಲಿ ಕೂತಿರೋ ಕೆಲಸ ಬೇರೆ. ಚೆನ್ನಾಗಿದೆಯಾ ಗೌಡ್ರೇ?" ಎಂದರು ಮಾಲಿನಿ.

"ಚೆನ್ನಾಗದ ಅಮ್ಮಾ" ಎಂದ ಅವನು.

ಅವರು ನನ್ನ ಫೋಟೋ ತೆಗೆದುಕೊಂಡರು. ಹೊಸ ಗೈಡಿನ ಜೊತೆ ಮೂರು ದಿನ ಸುತ್ತಿ, ಒಂದು ಅಳಿಲನ್ನೂ ಕಾಣದೆ, ಕಾಡಿನಲ್ಲಿ ಪ್ರಾಣಿಗಳೇ ಕಡಿಮೆಯಾಗಿವೆ ಎಂದು ಮರುಗುತ್ತಾ ಹೊರಟರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು.

ಎರಡು ವರ್ಷವಾಯಿತು. ಒಂದು ದಿನ ಅಪ್ಪನ ಕಲ್ಲಿಗೆ ಪೂಜೆ ಮಾಡಲು ಒಂದು ಹೊತ್ತಿನ ಅಪ್ಪಣೆ ಸಿಕ್ಕಿತು. ಅವನು ಗೇಟಿನಲ್ಲೇ ನಮ್ಮನ್ನು ಬಿಚ್ಚಿ, ನಮ್ಮನ್ನೂ ಹಣ್ಣುಕಾಯಿಯನ್ನೂ ಕೇತಮ್ಮನ ಕೈಗೆ ಕೊಟ್ಟು, ಅವಳ ಮುಂದೆ ಬರಿಗಾಲಲ್ಲಿ ಹೊರಟ. ಮದುವೆಗೆ ಹೊರಟವನ ಮುಖ. ನೂರು ಹೆಜ್ಜೆ ಹೋಗಿರಲಿಲ್ಲ, ಮುಳ್ಳೊಂದು ಹಿಮ್ಮಡಿಗೆ ಇಳಿಯಿತು. ಹಿಂದೆ ಅಂಥ ಮುಳ್ಳು ಅವನ ಕಾಲಡಿ ಪುಡಿಯಾಗುತ್ತಿತ್ತು. ಕೇತಮ್ಮ ಅವನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಮುಳ್ಳು ಕಿತ್ತಳು. ಆಮೇಲೂ ಪಾದವನ್ನು ಬಿಡದೆ ಹೆಬ್ಬೆರಳಿನಿಂದ ಸವರಿದಳು. ನನ್ನೊಳಗೆ ಬೆವತು ಬೆವತು ಅದು ಬೆಳ್ಳಗೆ, ಮೆತ್ತಗೆ ಆಗಿತ್ತು.

"ಕೂಸಿನ ಕಾಲಂಗೆ ಆಗೋಗದಲ್ಲ" ಎಂದಳು.

ಅವನು ಯಾರೂ ಹೇಳದೆ, ತಾನಾಗಿಯೇ ನನ್ನನ್ನು ಎಳೆದುಕೊಂಡು ಹಾಕಿಕೊಂಡ. ಆ ದಿನ ಅಪ್ಪನ ಕಲ್ಲಿಗೆ ತಾಗಿದ್ದು ನನ್ನ ಮೂತಿ.

ಈಗ ನನಗೂ ವಯಸ್ಸಾಗಿದೆ. ಹೊಲಿಗೆ ಬಿಟ್ಟಿದೆ. ಕುರ್ಚಿಯಿಂದ ಗೇಟಿಗೆ, ಗೇಟಿನಿಂದ ಕುರ್ಚಿಗೆ ಕಾಂಕ್ರೀಟಿನ ಮೇಲೆ ಎಳೆದಾಡಿ ತಳ ಸವೆದು, ನಡುವೆ ರೂಪಾಯಿಯಗಲ ತೂತು ಬಿದ್ದಿದೆ. ಇನ್ನೇನು, ಗೇಟಿನ ಹಿಂದಿನ ಕಸದ ಗುಂಡಿಯೇ ನನ್ನ ಮನೆ. ಹೋಗುವ ಮೊದಲು ಈ ಬೆಳಿಗ್ಗೆ ನಡೆದದ್ದನ್ನೂ ಹೇಳಿಬಿಡುತ್ತೇನೆ.

ಆರೂಕಾಲು ಇರಬೇಕು. ಬಿಸಿಲು ಇನ್ನೂ ಬೆಟ್ಟದ ಆ ಕಡೆ ಇತ್ತು. ಗೇಟಿನ ಮುಂದೆ ಹುಣಸೆ ಮರದ ಬುಡದಲ್ಲಿ ಆನೆಯ ಲದ್ದಿ ಬಿದ್ದಿತ್ತು. ಒಳಗೆ ನಾಲ್ಕು ಅತಿಥಿಗಳು ಕಾಫಿ ಮುಗಿಸಿ ದುರ್ಬೀನು ನೇತುಹಾಕಿಕೊಳ್ಳುತ್ತಿದ್ದರು. ಅಚ್ಚುಗೇಗೌಡ ಎದ್ದು ಬಂದು, ಯಾವ ಕಾಲದ ಅಭ್ಯಾಸವೋ, ಬಲಗಾಲನ್ನು ಅದರ ಮೇಲಿಟ್ಟ. ಈ ಸಲ ನಾನು ದಾಟಿಸಿದೆ. ತೂತಿನಿಂದ ಬಿಸಿ ನೇರವಾಗಿ ಅವನ ಅಂಗಾಲಿಗೆ ಹೋಯಿತು; ಪಾದ ಬೆಚ್ಚಿದ್ದು ನನಗೆ ಗೊತ್ತಾಯಿತು. ನಾನು ಕಾದೆ.

ಅವನು ಕಾಲು ತೆಗೆದು ಲದ್ದಿಯನ್ನು ನೋಡಿದ. ಮರವನ್ನು ನೋಡಿದ. ಒಳಗೆ ಸಾಲಾಗಿ ನಿಂತಿದ್ದ ಅತಿಥಿಗಳನ್ನೂ ಹೊಸ ಗೈಡನ್ನೂ ನೋಡಿ ಬಾಯಿ ತೆರೆದ.

"ಬಿಸ್ಲಿಗ ಕಾದಿರಬೇಕು" ಎಂದು ತನಗೆ ತಾನೇ ಹೇಳಿಕೊಂಡು, ಅವರಿಗೆ ಗೇಟು ತೆಗೆದ.