ಹದಿಮೂರು ಗೋಲಿನ ಡಾಡ್

ಡಾಡ್ ಗೆಡ್ಡಿಸ್ ನಡೆಯುವಾಗ ಅವನ ಕೈಗಳೆರಡೂ ಮೈಗೆ ತಾಗುತ್ತಿರಲಿಲ್ಲ. ಯಾರೋ ಎಲ್ಲಿಂದಲೋ ಏನನ್ನೋ ಎಸೆದಾರು, ಹಿಡಿಯಬೇಕಾದೀತು ಎಂಬ ಶಂಕೆಯಲ್ಲಿರುವವನಂತೆ ಅಂಗೈ ಅರಳಿಸಿ, ಮೊಣಕಾಲು ತುಸು ಬಗ್ಗಿಸಿ, ನಮ್ಮ ಕಡಲೂರು ಪೋರ್ಟ್‌ಲೋಗಿಯ ಇಳಿಜಾರಿನ ಬೀದಿಯಲ್ಲಿ ಅಡ್ಡಡ್ಡಲಾಗಿ ಇಳಿದುಬರುತ್ತಿದ್ದ ಆ ದೀರ್ಘಕಾಯನನ್ನು ಎಷ್ಟು ದೂರದಿಂದಲಾದರೂ ಗುರುತಿಸಬಹುದಿತ್ತು. ಬೇಸಿಗೆಯಲ್ಲೂ ಅದೇ ಕಪ್ಪು ಎಣ್ಣೆಬಟ್ಟೆಯ ಕೋಟು; ಜೇಬಿನಲ್ಲಿ ಜಿಡ್ಡು ಹತ್ತಿದ ಕಾಗದದಲ್ಲಿ ಸುತ್ತಿದ, ಮಾಂಸ ತುಂಬಿ ಬೇಯಿಸಿದ ಪೈ. ಯಾವ ಸಂಗತಿಗೂ ಅವನ ಮೊದಲ ಮಾತು, "ಆಗಿದ್ದಾಯ್ತು, ಬಿಡಿ." ಮದುವೆಯಾದರೂ ಅಷ್ಟೆ, ಮರಣವಾದರೂ ಅಷ್ಟೆ.

ನಮ್ಮೂರಿನ ಫುಟ್‌ಬಾಲ್ ಕ್ಲಬ್ಬು ಪೋರ್ಟ್‌ಲೋಗಿ ರೋವರ್ಸ್‌ಗೆ ಅವನು ಯೌವನವೆಲ್ಲ ಗೋಲ್‌ಕೀಪರ್ ಆಗಿದ್ದ. ಗೆಲುವುಗಳೂ ಇದ್ದವು, ಊರು ನೆನಪಿಟ್ಟದ್ದು ಮಾತ್ರ ಒಂದೇ ಪಂದ್ಯವನ್ನು, ಹದಿಮೂರು–ಸೊನ್ನೆಯ ಆ ಸೋಲನ್ನು. ಆಮೇಲೆ ಅವನು ಮೀನು ಮಾರುತ್ತಿದ್ದ ಮಾರುಕಟ್ಟೆಯಲ್ಲಿ ಕೈಯಿಂದ ಒಂದು ಮೀನು ಜಾರಿದರೆ ಸಾಕು, ಪಕ್ಕದ ಕಟ್ಟೆಯ ವ್ಯಾಪಾರಿ, "ಹದಿನಾಲ್ಕನೇದು ಹೋಯ್ತಲ್ಲಪ್ಪೋ ಡಾಡ್" ಎನ್ನುತ್ತಿದ್ದ.

"ಬಿಟ್ಟಿದ್ದನ್ನ ಎಣಿಸ್ದೋರು ಊರ್ತುಂಬ ಇದೀರ. ಹಿಡ್ದಿದ್ದನ್ನ ಎಣಿಸ್ದೋನು ಒಬ್ನಾದ್ರೂ ಇದಾನೇನ್ರೋ?" ಎಂದು ಇವನೂ ನಗುತ್ತಿದ್ದ.

ಆ ನಗೆಯ ಅಡಿಯಲ್ಲಿ ಏನಿತ್ತೆಂಬುದು ಇಬ್ಬರಿಗೂ ಗೊತ್ತಿತ್ತು. ಆ ಪಂದ್ಯದ ಶನಿವಾರ ಪಟ್ಟಣದ ದೊಡ್ಡ ತಂಡ ರೈಲಿಳಿದು ಬಂದಾಗ ನಮ್ಮವರು ಏಳೇ ಜನ. ಉಳಿದ ನಾಲ್ವರು, ಡಾಡ್‌ನ ತಮ್ಮ ಲೌರಿಯೂ ಸೇರಿ, ಹೆರಿಂಗ್ ಮೀನಿಗೆ ಹೋದ ದೋಣಿಯಲ್ಲಿದ್ದರು. ಬೆಳಗ್ಗೆಯೇ ಮರಳಬೇಕಿದ್ದ ದೋಣಿ ಇನ್ನೂ ಬಂದಿರಲಿಲ್ಲ, ಬಿರುಗಾಳಿ ಎದ್ದಿತ್ತು. ಆಟ ನಿಲ್ಲಿಸೋಣವೇ ಎಂದು ಎದುರಾಳಿ ನಾಯಕ ವಿರಾಮದಲ್ಲಿ ಕೇಳಿದನಂತೆ. ಹುಡುಗರು ದಡಕ್ಕಿಳಿದರೆ ನೇರ ಮೈದಾನಕ್ಕೇ ಓಡಿ ಬರುತ್ತಾರೆ, ಇಲ್ಲಿ ಯಾರೂ ಇಲ್ಲದಿದ್ದರೆ ಹೇಗೆ ಎಂದು ಡಾಡ್ ಒಪ್ಪಲಿಲ್ಲ. ಗೋಲುಕಂಬಗಳ ನಡುವೆ ನಿಂತರೆ ಬಂದರಿನ ಬಾಯಿ ಕಾಣುತ್ತಿತ್ತು. ಅವನು ಅತ್ತ ನೋಡುತ್ತಿದ್ದಾಗಲೇ ಚೆಂಡು ಎಷ್ಟೋ ಸಲ ಬಲೆಗೆ ಬಿತ್ತು. ಪ್ರೇಕ್ಷಕರೂ ಅತ್ತಲೇ ನೋಡುತ್ತಿದ್ದುದರಿಂದ ಯಾರೂ ಬೈಯಲಿಲ್ಲ. ದೋಣಿ ಬರಲೇ ಇಲ್ಲ. ಮುಳುಗಿದವರ ಹೆಸರೆತ್ತಲು ನಾಲಗೆ ಏಳದ ಊರು, ಗೋಲುಗಳ ಮಾತಾಡಲು ಕಲಿಯಿತು.

ಕ್ಲಬ್ಬಿಗೆ ನೂರು ವರ್ಷ ತುಂಬಿದಾಗ ಅದರ ಇತಿಹಾಸವನ್ನು ಗೋಡೆಯ ಮೇಲೆ ಬರೆಸುವ ಹೊಣೆ ಕಾರ್ಯದರ್ಶಿ ರೋನಾ ಕೌವಿಯ ಪಾಲಿಗೆ ಬಂತು. ಮುದುಕನ ಮನಸ್ಸು ನೋಯದಿರಲೆಂದು ಅವಳು ಆ ಪಂದ್ಯವನ್ನೇ ಕೈಬಿಟ್ಟಳು. ಬಣ್ಣ ಇನ್ನೂ ಹಸಿಯಿರುವಾಗ ನೋಡಲು ಬಂದ ಡಾಡ್, ಗೋಡೆಯನ್ನು ಎರಡೆರಡು ಸಲ ಓದಿಕೊಂಡ.

"ನಮ್ ಸೋಲೆಲ್ಲಿ, ರೋನಾ?"

ನಿಮಗೆ ಬೇಜಾರಾಗಬಾರದೆಂದು ಬಿಟ್ಟೆ ಎಂದು ಅವಳು ತಡವರಿಸಿದಳು.

"ಬರೆಸವ್ವ. ಹದಿಮೂರು ಅಂತ್ಲೇ ಬರೆಸು. ಏಳೇ ಜನ ಆಡಿದ್ರು ಅಂತಾನೂ ಬರೆಸು. ನಾಳೆ ಯಾರೋ ಬಂದು, ಏಳೇ ಜನ ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ತಾನೆ ಲೌರಿ ಹೆಸ್ರು ಹೇಳಕ್ಕಾಗೋದು."

ರೋನಾ ಬರೆಸಿದಳು. ಬಣ್ಣ ಆರುವವರೆಗೂ ಅವನು ಅಲ್ಲೇ ನಿಂತಿದ್ದ.

ಗೆದ್ದವರನ್ನು ನೆನೆಯಲು ಪದಕಗಳಿರುತ್ತವೆ. ಇಂಥವರ ಜಾತಿಯೇ ಬೇರೆ. ತಮ್ಮ ಅವಮಾನವನ್ನು ಊರ ನಾಲಗೆಯ ಮೇಲೆ ಆಡಲು ಬಿಟ್ಟು, ಅದರ ಮರೆಯಲ್ಲಿ ತಮ್ಮ ಸತ್ತವರನ್ನು ಕಾಪಾಡಿಕೊಂಡಿರುತ್ತಾರೆ. ಪ್ರತಿ ಕಡಲೂರಿನಲ್ಲೂ ಅಂಥವನೊಬ್ಬ ಇದ್ದಾನು. ಅವನನ್ನು ನೋಡಿ ನಗುವಷ್ಟು ಕಾಲ, ಊರು ತಾನು ಯಾರಿಗಾಗಿ ಅಳಬೇಕೆಂಬುದನ್ನು ಮರೆಯುವುದಿಲ್ಲ.