ಎರಡು ಪದವಿಯ ನಿದ್ದೆ

ಶೇಡಬಾಳದ ಉಜ್ವಲಾ ಎಲ್ಲಿ ಬೇಕಾದರೂ ನಿದ್ದೆ ಮಾಡುತ್ತಿದ್ದಳು. ಬಸ್ಸಿನ ಕಿಟಕಿಗೆ ತಲೆ ಆನಿಸಿ ಮಾಡುತ್ತಿದ್ದಳು, ಕಾಲೇಜಿನ ಕಟ್ಟೆಯ ಮೇಲೆ ಮಾಡುತ್ತಿದ್ದಳು, ರೊಟ್ಟಿ ಮುರಿದು ಬಾಯಿಗಿಡುವ ನಡುವೆ ಕೂಡ ಒಂದು ಸಣ್ಣ ಜೊಂಪು ತೆಗೆಯುತ್ತಿದ್ದಳು. ನೋಡಿದವರು ಹುಡುಗಿಗೆ ಏನೋ ಜಡ್ಡಾಗಿದೆ ಎಂದುಕೊಳ್ಳುತ್ತಿದ್ದರು. ಜಡ್ಡೂ ಇಲ್ಲ, ಗಿಡ್ಡೂ ಇಲ್ಲ. ಅವಳು ಒಟ್ಟಿಗೇ ಎರಡು ಸ್ನಾತಕೋತ್ತರ ಪದವಿ ಓದುತ್ತಿದ್ದಳು, ಅಷ್ಟೆ.

ಸೋಮವಾರದಿಂದ ಶುಕ್ರವಾರದವರೆಗೆ ಅಥಣಿಯಲ್ಲಿ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯ; ಅದು ಕನ್ನಡದಲ್ಲಿ. ಶನಿವಾರ, ರವಿವಾರ ಗಡಿ ದಾಟಿ ಮಿರಜಿನಲ್ಲಿ ಒಂದು ಮುಕ್ತ ವಿಶ್ವವಿದ್ಯಾಲಯದ ಎಂ.ಬಿ.ಎ.; ಅದು ಮರಾಠಿಯಲ್ಲಿ. ಹೀಗೆ ಎರಡು ಪದವಿ ಜೊತೆಗೆ ಮಾಡಲು ಈಗ ಸರಕಾರದ ಅಡ್ಡಿಯಿಲ್ಲ. ಆ ನಿಯಮ ಬರೆದವರು ಶೇಡಬಾಳದಿಂದ ಬೆಳಗಿನ ಬಸ್ಸು ಹಿಡಿದವರಲ್ಲ ಎಂಬುದಂತೂ ಖಾತ್ರಿ.

ಎಂ.ಬಿ.ಎ. ಅಪ್ಪ ಮುರಗೆಪ್ಪನ ಆಸೆ. ಕಬ್ಬಿನ ಜೊತೆ ದ್ರಾಕ್ಷಿ ತೋಟವಿದ್ದ ಅವನಿಗೆ ತನ್ನ ಒಣದ್ರಾಕ್ಷಿಯನ್ನು ದಲಾಲರ ಕೈಗೆ ಕೊಡದೆ ಮಗಳೇ ನಿಂತು ಮಾರಬೇಕೆಂಬ ಹಟ. ಸಮಾಜಕಾರ್ಯ ಉಜ್ವಲಾಳ ಆಸೆ. ಅವಳ ಅವ್ವ ಚಂದ್ರಮತಿ ಮಿರಜಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಲ್ಲಿಯ ಸಮಾಜಕಾರ್ಯದ ಹೆಂಗಸೊಬ್ಬಳು ದಿನಾ ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಿದ್ದಳು. ಔಷಧಿ ಕೊಡುವವಳಲ್ಲ, ಉಪದೇಶ ಹೇಳುವವಳಲ್ಲ. ಅವಳು ಬಂದರೆ ಅವ್ವನ ಮುಖ ತಿಳಿಯಾಗುತ್ತಿತ್ತು. ಅವ್ವ ಹೋದ ಮೇಲೆ ಉಜ್ವಲಾ ತಾನೂ ಹಾಗೆ ಯಾರದಾದರೂ ಪಕ್ಕದಲ್ಲಿ ಕೂರುವವಳಾಗಬೇಕು ಎಂದುಕೊಂಡಳು.

ಅಪ್ಪ ಬೇಡ ಅನ್ನುತ್ತಾನೆಂದು ಹೆದರಿಯೇ ಕೇಳಿದ್ದಳು. ಅವನು ಎರಡನ್ನೂ ಮಾಡು ಅಂದುಬಿಟ್ಟ. ಜೊತೆಗೊಂದು ಕರಾರನ್ನೂ ಹಾಕಿದ. ಎರಡರಲ್ಲಿ ಯಾವುದರಲ್ಲಿ ಎಡವಿದರೂ ಸಮಾಜಕಾರ್ಯ ಬಂದ್. ಊರವರಿಗೆ ಇದು ನಗೆಯ ಮಾತಾಯಿತು. ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟಣಿ ಮಾಡಿ ಕೊಂಬೆ ಸವರುವುದು ಸರಿ, ಮುರಗೆಪ್ಪ ಮಗಳಿಗೂ ಚಾಟಣಿ ಶುರು ಮಾಡಿದ್ದಾನೆ ಎಂದು ಕಟ್ಟೆಯ ಮೇಲೆ ಆಡಿಕೊಂಡರು.

ಚಂದ್ರಮತಿಯ ತವರು ಗಡಿಯಾಚೆಯ ಮ್ಹೈಸಾಳ, ಮಾತು ಮರಾಠಿ. ಅವಳಿದ್ದಾಗ ಆ ಮನೆಯಲ್ಲಿ ಎರಡು ಭಾಷೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದವು. ಅವಳು ಹೋದ ದಿನದಿಂದ ಮುರಗೆಪ್ಪ ಮರಾಠಿಯನ್ನು ಪೇಟೆಗೆ ಮಾತ್ರ ಇಟ್ಟುಕೊಂಡ, ಹೆಂಡತಿಯ ಹೆಸರನ್ನು ಯಾವ ಭಾಷೆಯಲ್ಲೂ ಎತ್ತಲಿಲ್ಲ. ಉಜ್ವಲಾ ಒಂದೆರಡು ಸಲ ಅವ್ವನ ಮಾತು ತೆಗೆದಳು. ಅವನು ತೋಟಕ್ಕೆ ನೀರು ಬಿಡುವುದಿದೆ ಎಂದು ಎದ್ದು ಹೋದ. ನೀರು ಬಿಟ್ಟು ಬಂದ ತೋಟಕ್ಕೇ ಮತ್ತೆ ನೀರು.

ಹೀಗಾಗಿ ಉಜ್ವಲಾ ಅವ್ವನನ್ನು ಬಸ್ಸಿನಲ್ಲೇ ಭೇಟಿಯಾಗುತ್ತಿದ್ದಳು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬಸ್ಸು ತೆವಳತೊಡಗಿದರೆ ಸಾಕು, ಕಣ್ಣು ತಾವಾಗಿ ಮುಚ್ಚುತ್ತಿದ್ದವು. ಆಗ ಅಥಣಿಯ ತರಗತಿಯೂ ಮಿರಜಿನ ತರಗತಿಯೂ ಒಂದೇ ಕೋಣೆಯಾಗುತ್ತಿದ್ದವು. ಕಿಟಕಿಯಿಂದ ದ್ರಾಕ್ಷಿ ಬಳ್ಳಿ ಒಳಗೆ ಬಂದು ಕಪ್ಪು ಹಲಗೆಯನ್ನು ಮುಚ್ಚುತ್ತಿತ್ತು. ಬೆಂಚುಗಳ ಮೇಲೆ ಕುರಿಗಳು ಕೂತು ಲಾಭನಷ್ಟದ ಪಾಠ ಕೇಳುತ್ತಿದ್ದವು. ಹಿಂದಿನ ಬೆಂಚಿನಲ್ಲಿ ಅವ್ವ ಶೇಂಗಾ ಸುಲಿಯುತ್ತ, ಇವಳತ್ತ ನೋಡಿ, ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಕಂಡಕ್ಟರ್ ಸೀಟಿನ ಕಂಬಿ ಬಡಿದು ಎಬ್ಬಿಸಿಬಿಡುತ್ತಿದ್ದ. ಅವನ ಮೇಲೆ ಉಜ್ವಲಾಳಿಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಕೊನೆಯ ವರ್ಷ ಕ್ಷೇತ್ರಕಾರ್ಯಕ್ಕೆಂದು ಅಥಣಿ ಕಾಲೇಜಿನ ಜಯಪಾಲ ಸರ್ ಅವಳನ್ನು ಸಕ್ಕುಬಾಯಿಯ ಹತ್ತಿರ ಕಳಿಸಿದರು. ನಿಪ್ಪಾಣಿ ಕಡೆಯ ಅಕ್ಕೋಳದ, ಮರಾಠಿ ಮಾತಿನ ಕುರಿಗಾರ ಹೆಂಗಸು. ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಕುರಿ ಕೂಡಿಸಿಕೊಳ್ಳುತ್ತಾರಲ್ಲ, ಹಾಗೆ ಹಿಂಡಿನ ಜೊತೆ ಅಥಣಿಯ ಬಯಲಿಗೆ ಬಂದಿದ್ದಳು. ಚಳಿಗಾಲದಲ್ಲಿ ಗಂಡ ನಾಮದೇವ ತೀರಿಕೊಂಡಿದ್ದ. ಅಂದಿನಿಂದ ಅವಳು ಕುರಿಗಳನ್ನು ಕೂಗುವುದು ಬಿಟ್ಟರೆ ಯಾರೊಡನೆಯೂ ಮಾತಾಡಿರಲಿಲ್ಲ.

ಉಜ್ವಲಾ ಪುಸ್ತಕದಲ್ಲಿ ಇದ್ದಂತೆ ಮೆತ್ತಗೆ ಕೇಳಿದಳು, ಸುತ್ತಿ ಬಳಸಿ ಕೇಳಿದಳು, ಕೇಳದೆ ಬಿಟ್ಟೂ ನೋಡಿದಳು. ಸಕ್ಕುಬಾಯಿ ಕಲ್ಲಿನ ಹಾಗೆ ಕೂತಿದ್ದಳು. ಒಂದು ಮಧ್ಯಾಹ್ನ ಜಾಲಿಯ ನೆರಳಿನಲ್ಲಿ ಉಜ್ವಲಾಳ ಪಾಲಿನ ನಿದ್ದೆ ಎಲ್ಲಾ ಒಮ್ಮೆಗೇ ಬಂದುಬಿಟ್ಟಿತು. ಕೂತಲ್ಲೇ ವಾಲಿ ಮಲಗಿದಳು. ಸಮಾಜಕಾರ್ಯ ಅಲ್ಲಿಗೆ ಮುಗಿಯಿತು ಅನ್ನಬೇಕು.

ಎಷ್ಟೋ ಹೊತ್ತಿನ ಮೇಲೆ ನಿದ್ದೆಯೊಳಗೆ ಒಂದು ದನಿ ಬಂತು. ಮರಾಠಿ ಮಾತಾಡುವ ಹೆಣ್ಣು ದನಿ. ಅವ್ವ ಕೊನೆಗೂ ಬಾಯಿ ಬಿಟ್ಟಳು ಎಂದು ಅವಳಿಗೆ ಕನಸಿನಲ್ಲೇ ಹಿಗ್ಗಾಯಿತು. ಆಮೇಲೆ ಕುರಿಯ ವಾಸನೆ ಮೂಗಿಗೆ ಬಡಿದು, ಇದು ಕನಸಲ್ಲ, ಸಕ್ಕುಬಾಯಿ ಮಾತಾಡುತ್ತಿದ್ದಾಳೆ ಎಂದು ತಿಳಿಯಿತು. ಕಣ್ಣು ಬಿಟ್ಟರೆ ದನಿ ನಿಲ್ಲುತ್ತದೆಂದು ಬಿಗಿಯಾಗಿ ಮುಚ್ಚಿಕೊಂಡೇ ಕೇಳಿದಳು. ನಾಮದೇವ ಹೇಗೆ ಸಿಳ್ಳು ಹಾಕುತ್ತಿದ್ದ, ಈಗಲೂ ತಾನು ಅವನ ಪಾಲಿನ ರೊಟ್ಟಿ ಬಡಿಯುತ್ತೇನೆ, ಆಮೇಲೆ ಅದನ್ನು ನಾಯಿಗೆ ಹಾಕುತ್ತೇನೆ ಎಂದೆಲ್ಲ ಹೇಳಿದಳು. ಯಾಕೆ ಯಾರಿಗೂ ಹೇಳಿಲ್ಲವೆಂದರೆ, "ಮೀ ಬೋಲಲೇ ತರ ತೇ ಖರಂಚ ಗೇಲೇ ಅಸಂ ಹೋಯೀಲ." ನಾನು ಮಾತಾಡಿದರೆ ಅವರು ನಿಜವಾಗಿಯೂ ಹೋದರು ಅಂತಾಗುತ್ತದೆ. ಮಲಗಿದವರ ಮುಂದೆ ಹೇಳಿದರೆ ಹೇಳಿದಂತೇನಲ್ಲ. ಅಷ್ಟು ಹೇಳಿ ಸಕ್ಕುಬಾಯಿ ತನ್ನ ಕಂಬಳಿಯನ್ನು ಹುಡುಗಿಯ ಮೇಲೆ ಹೊದಿಸಿ, ಕುರಿ ತಿರುವಲು ಹೋದಳು.

ಅಥಣಿಯ ಕೊನೆಯ ಪೇಪರಿನಲ್ಲಿದ್ದದ್ದು ಒಂದೇ ಪ್ರಶ್ನೆ, ಅದೂ ಇದೇ. ನೀವು ಕಂಡ ಒಬ್ಬ ವ್ಯಕ್ತಿಯ ವಿಷಯ ವಿಸ್ತಾರವಾಗಿ ಬರೆಯಿರಿ. ಉಜ್ವಲಾ ನೆನಪು ಮಾಡಿಕೊಳ್ಳಲೆಂದು ಕಣ್ಣು ಮುಚ್ಚಿದಳು. ಜಾಲಿಯ ನೆರಳು ಬಂತು, ಕಂಬಳಿಯ ಬಿಸುಪು ಬಂತು, ದನಿ ಬಂತು. ಪೆನ್ನು ಅದನ್ನು ಕೇಳುತ್ತ ಬರೆಯುತ್ತ ಹೋಯಿತು. ಗಂಟೆ ಹೊಡೆದಾಗ ಇಷ್ಟು ಚೆನ್ನಾಗಿ ಎಂದೂ ಬರೆದಿರಲಿಲ್ಲ ಅನ್ನಿಸಿತು.

ಊರಿಗೆ ಮರಳುವ ಬಸ್ಸಿನಲ್ಲಿ, ಕನ್ನಡ ಒಂದು ಸಾಲು, ಮರಾಠಿ ಒಂದು ಸಾಲು ಬರೆದಿದ್ದ ಅಂಗಡಿಯ ಬೋರ್ಡೊಂದು ಕಿಟಕಿಯ ಮುಂದೆ ಹಾಯ್ದು ಹೋಯಿತು. ಆಗ ಅವಳಿಗೆ ಥಟ್ಟನೆ ಹೊಳೆಯಿತು. ಆ ಉತ್ತರವನ್ನು ಮೊದಲಿನಿಂದ ಕೊನೆಯವರೆಗೆ ಮರಾಠಿಯಲ್ಲಿ ಬರೆದಿದ್ದಳು. ಫೋನು ಮಾಡಿದರೆ ಜಯಪಾಲ ಸರ್ ನಿಜವೇ ಎಂದು ಎರಡೆರಡು ಸಲ ಕೇಳಿದರು. ಕನ್ನಡ ಇಲ್ಲವೇ ಇಂಗ್ಲಿಷ್ ಬಿಟ್ಟು ಬೇರೆಯದನ್ನು ನೋಡುವುದಿಲ್ಲ, ಆ ಪೇಪರು ಹೋದಂತೆಯೇ, ಮುಂದಿನ ವರ್ಷ ಮತ್ತೆ ಕೂರಬೇಕು ಅಂದರು.

ಮುರಗೆಪ್ಪ ಶೆಡ್ಡಿನಲ್ಲಿ ಜಾಳಿಗೆಯ ಮೇಲೆ ಒಣಗಲು ದ್ರಾಕ್ಷಿ ಹರವುತ್ತಿದ್ದ. ಉಜ್ವಲಾ ಮುಚ್ಚಿಡದೆ ಎಲ್ಲ ಹೇಳಿದಳು. ಅವನು ತಲೆ ಎತ್ತಲಿಲ್ಲ.

"ಮಾತಂದ್ರ ಮಾತ," ಅಂದ. "ಇನ್ನ ಅಥಣಿ ಸಾಕು. ರವಿವಾರದ ಪೇಪರ್ ನೆಟ್ಟಗ ಬರಿ." ಇನ್ನೊಂದು ಬುಟ್ಟಿ ದ್ರಾಕ್ಷಿ ಸುರಿದು ಕೇಳಿದ: "ಅಂಥಾದ್ದೇನ ಬರದಿ ಅದರಾಗ?"

"ಗಂಡ ಸತ್ತ ಮ್ಯಾಲ ಅವನ ಸುದ್ದಿನ ಎತ್ತದ ಒಬ್ಬಾಕಿ ಬಗ್ಗೆ ಬರದೇನಪ್ಪಾ. ಮಾತಾಡಿದ್ರ ಆತ ಖರೇನ ಹೋದಂಗ ಆಕ್ಕೈತಿ ಅಂತ ಸುಮ್ಮ ಇದ್ಲು."

ದ್ರಾಕ್ಷಿ ಹರವುವ ಕೈ ನಿಂತಿತು. ಬಿಸಿಲು ಬಹಳ ಇದೆ, ಒಳಗೆ ಹೋಗು ಎಂದಷ್ಟೇ ಹೇಳಿ ಅವನು ಮತ್ತೆ ಹರವತೊಡಗಿದ. ಹರವಿದ ಕಡೆಯೇ ಹರವುತ್ತಿದ್ದ. ಉಜ್ವಲಾ ಒಳಗೆ ಹೋಗಿ ಅಥಣಿಯ ಪುಸ್ತಕಗಳನ್ನು ಅಟ್ಟಕ್ಕೆ ಏರಿಸಿದಳು. ಅವ್ವನ ಮಂಚದ ಪಕ್ಕದ ಆ ಕುರ್ಚಿಯನ್ನೂ ಅವುಗಳ ಜೊತೆ ಮೇಲೇರಿಸಿದಂತೆ ಅವಳಿಗೆ ಸಂಕಟವಾಯಿತು.

ರವಿವಾರ ಮುರಗೆಪ್ಪ ತೊಳೆದ ಧೋತರ ಉಟ್ಟು ತಾನೂ ಹೊರಟ. ನೀನು ಮಲಗಿ ಸ್ಟಾಪು ದಾಟಿ ಹೋದರೆ ಇದೂ ಹೋಯಿತು, ನಾನು ಎಬ್ಬಿಸುತ್ತೇನೆ ಅಂದ. ಕಿಟಕಿಯ ಸೀಟು ಮಗಳಿಗೆ ಬಿಟ್ಟು ಪಕ್ಕದಲ್ಲಿ ನೆಟ್ಟಗೆ ಕೂತ. ಕಾಗವಾಡ ದಾಟುವಷ್ಟರಲ್ಲಿ ಉಜ್ವಲಾಳ ತಲೆ ಅವನ ಹೆಗಲ ಮೇಲಿತ್ತು. ಹೊರಗೆ ಬಿಸಿಲು ಇನ್ನೂ ಎಳೆಯದು. ಕಬ್ಬಿನ ಗದ್ದೆಗಳು ಮಂಜಿನಲ್ಲಿ ತೇಲಿಕೊಂಡು ಹಿಂದೆ ಹೋಗುತ್ತಿದ್ದವು. ಕನಸಿನ ಕೋಣೆ ತೆರೆಯಿತು, ಕುರಿಗಳು ಸಾಲಾಗಿ ಬಂದು ಕೂತವು, ಅವ್ವ ಹಿಂದಿನ ಬೆಂಚಿನಲ್ಲಿ ಶೇಂಗಾ ಸುಲಿಯತೊಡಗಿದಳು.

"ಚಂದ್ರಾ," ಅಂದಿತು ಒಂದು ದನಿ.

ಅದು ಅವ್ವನ ದನಿಯಲ್ಲ. ಉಜ್ವಲಾ ಪೂರಾ ಎಚ್ಚರವಾದಳು. ಕಣ್ಣು ಮಾತ್ರ ಬಿಡಲಿಲ್ಲ.

ಅಪ್ಪ ಮರಾಠಿಯಲ್ಲಿ ಮಾತಾಡುತ್ತಿದ್ದ. ಪೇಟೆಯ ಮರಾಠಿಯಲ್ಲ, ಮನೆಯದು, ಮೆತ್ತನೆಯದು. ಇದೇ ದಾರಿಯಲ್ಲಿ ನೀನು ಮದುವೆಯಾಗಿ ಬಂದೆ, ಕಿಟಕಿಯ ಸೀಟಿಗೆ ಜಗಳ ತೆಗೆದಿದ್ದೆ ಅಂದ. ಆಸ್ಪತ್ರೆಯಲ್ಲಿ ನೀನು ಸ್ವಲ್ಪ ಕೂರಿ ಅಂತ ಕೇಳಿದ್ದೆ, ನಾನು ದ್ರಾಕ್ಷಿ ಕೆಡುತ್ತದೆ ಎಂದು ಎದ್ದು ಬಂದೆ. ದ್ರಾಕ್ಷಿ ಕೆಡುತ್ತಿರಲಿಲ್ಲ, ನಿನ್ನನ್ನು ಹಾಗೆ ನೋಡಲು ನನ್ನಿಂದ ಆಗುತ್ತಿರಲಿಲ್ಲ ಅಂದ. ಆ ಯಾರೋ ಹೆಂಗಸು ಕೂತಳು, ನಾನು ಕೂರಲಿಲ್ಲ ಅಂದ. ಬಸ್ಸು ರಸ್ತೆಯ ಉಬ್ಬಿನ ಮೇಲೆ ಹಾರಿದಾಗ ಅವನ ಕೈ ಬಂದು ಮಗಳ ತಲೆಯನ್ನು ಹಿಡಿದುಕೊಂಡಿತು. ಆಮೇಲೆ ಅವನು ಕನ್ನಡಕ್ಕೆ ಬಂದ. ಈಗ ಆಡುತ್ತಿದ್ದದ್ದು ಹೆಂಡತಿಯೊಡನಲ್ಲ.

"ನೀ ನಿಮ್ಮವ್ವನ ಸುದ್ದಿ ಕೇಳ್ತಿ ಅಂತ ಅಂಜಿಕಿ ಇತ್ತವ್ವಾ. ಅದಕ ಎರಡೂ ಕಾಲೇಜಿಗೆ ಹಚ್ಚಿದೆ. ದಣದ ಬರ್ತಿ, ಮಲಗ್ತಿ, ಏನೂ ಕೇಳಂಗಿಲ್ಲ ಅನ್ಕೊಂಡಿದ್ದೆ." ಅವಳ ತಲೆಯನ್ನು ಹೆಗಲಿಗೆ ಇನ್ನಷ್ಟು ಆನಿಸಿಕೊಂಡ. "ಅಥಣಿದ್ದು ಬಿಡಬ್ಯಾಡ. ಮತ್ತ ಕುಂತ ಬರಿ. ಈ ಸಲ ಕನ್ನಡದಾಗ ಬರಿ."

ಉಜ್ವಲಾ ನಿದ್ದೆಯಲ್ಲಿ ಹೊರಳುವವಳಂತೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು, ಯಾಕೆಂದರೆ ಮಲಗಿದವರ ಕಣ್ಣಿನಿಂದ ಹಾಗೆ ನೀರು ಇಳಿಯುವುದಿಲ್ಲ.

ಮಿರಜ ಬಂದಾಗ ಅಪ್ಪ ಭುಜ ತಟ್ಟಿ ಎಬ್ಬಿಸಿದ. ಚಲೋ ನಿದ್ದೆ ಹತ್ತಿತ್ತೇನು ಎಂದು ಬೇರೆಲ್ಲೋ ನೋಡುತ್ತ ಕೇಳಿದ. ಅವಳು ಹ್ಞೂಂ ಅಂದಳು. ಪರೀಕ್ಷೆಯ ಕೇಂದ್ರದ ಗೇಟಿನವರೆಗೆ ಇಬ್ಬರೂ ಜೊತೆಗೆ ನಡೆದರು. ಇವತ್ತು ಯಾವ ಭಾಷೆ ಎಂದು ಅವನು ಕೇಳಿದ. ಮರಾಠಿ ಎಂದು ಹೇಳಿ ಒಳಗೆ ಹೋದವಳು ಮತ್ತೆ ಹಿಂದಿರುಗಿ ಬಂದಳು.

"ವಾಪಸ್ ಹೋಗೂಮುಂದೂ ನಂಗ ಭಾಳ ನಿದ್ದಿ ಬರೂದೈತಪ್ಪಾ."

ಮುರಗೆಪ್ಪ ಅವಳ ಮುಖವನ್ನು ನೋಡಿದ. ಅವಳ ಕೆಂಪಾದ ಕಣ್ಣುಗಳನ್ನು ನೋಡಿದ. ತಾನು ಹೇಳಿದ್ದೆಲ್ಲ ಎಲ್ಲಿಗೆ ಹೋಗಿ ಸೇರಿದೆ ಎಂದು ಅವನಿಗೆ ತಿಳಿಯಿತು.

"ಬರಲಿ," ಅಂದ. "ನಾ ಬಾಜೂಕ ಕುಂತಿರ್ತೀನಿ."