ಮರಿಬಸಪ್ಪನ ಹೆಸರಿನಲ್ಲಿ

ಗೋಡೆಗೆ ಒರಗಿಸಿ ಕೂರಿಸಿದ್ದ ಮರಿಬಸಪ್ಪನ ತಲೆ ಮತ್ತೆ ಎಡಕ್ಕೆ ವಾಲಿತು. ಚಿದಾನಂದಪ್ಪ ಗದ್ದ ಹಿಡಿದು ನೆಟ್ಟಗೆ ಮಾಡಿದ. ಕೆನ್ನೆಗೆ ಬಳಿದಿದ್ದ ವಿಭೂತಿ ಅವನ ಬೆರಳಿಗೂ ಹತ್ತಿತು.

"ಬ್ಯಾಂಕಿನಾಗೂ ಹಿಂಗ, ಲೆಡ್ಜರಿನ ಕಡೀಗೆ ವಾಲಿಕೊಂಡ ಇರ್ತಿದ್ದ," ಅಂದ ಕ್ಯಾಶಿಯರ್ ವೆಂಕಣ್ಣ. "ಮಿಷಿನ್ ಬಂದ ಮ್ಯಾಲೆ ಒಂದ ಒಂದು ತಪ್ಪು ಮಾಡಿದ. ಅದ್ರ ಕೊರಗಿನಾಗ ಹೋದ."

"ಅದನ್ನ ಈಗ್ಯಾಕ ತಗೀತಿ, ಬಿಡಲೇ," ಅಂದ ಚಿದಾನಂದಪ್ಪ. ಬಾಗಿಲಲ್ಲಿ ಮರಿಬಸಪ್ಪನ ಹೆಂಡತಿ ಗುರುಬಸಮ್ಮ ನಿಂತಿದ್ದಳು.

*

ಇಪ್ಪತ್ತೆಂಟು ವರ್ಷ ಮರಿಬಸಪ್ಪ ಲೆಡ್ಜರ್ ಬರೆದಿದ್ದ. ಒಬ್ಬರ ಪುಟದಲ್ಲಿ ಕಳೆದದ್ದನ್ನು ಇನ್ನೊಬ್ಬರ ಪುಟದಲ್ಲಿ ಕೂಡಿಸುವ ತನಕ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಎಡಗೈ ಬೆರಳು ಮೊದಲ ಪುಟದ ಮೇಲೆ ಊರಿಯೇ ಇರುತ್ತಿತ್ತು. ಮ್ಯಾನೇಜರ್ ಕರೆದರೂ ಅಷ್ಟೆ: "ಅರ್ಧಕ್ಕ ಬಿಟ್ಟ್ರ ರೊಕ್ಕ ನಡುವ ನೇತಾಡ್ತೈತ್ರಿ ಸಾರ್." ಆ ಮೂಗಿನ ದನಿ, ಆ ಬೆರಳು ಪಕ್ಕದ ಕುರ್ಚಿಯ ಚಿದಾನಂದಪ್ಪನಿಗೆ ಬಾಯಿಪಾಠ. ಅನುಕರಿಸಿದರೆ ಬಳ್ಳಾರಿಯ ಆ ಶಾಖೆಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಖಾತೆ ಮರಿಬಸಪ್ಪನದು, ಖ್ಯಾತಿ ಚಿದಾನಂದಪ್ಪನದು.

ಎಂಬತ್ತೇಳರಲ್ಲಿ ಯಂತ್ರ ಬಂತು. ಪಾಸ್‌ವರ್ಡ್ ಎಂಬ ಗುಟ್ಟಿನ ಪದ ಯಾರದೋ, ಅವರ ಹೆಸರನ್ನೇ ಪ್ರತಿ ಲೆಕ್ಕದ ಮುಂದೆ ಅಚ್ಚು ಹಾಕುವ ಯಂತ್ರ. ಮರಿಬಸಪ್ಪ ಅಕ್ಷರ ಹುಡುಕುವುದರಲ್ಲೇ ಬೆವರಿದ. ತನ್ನ ಪದವನ್ನು ಚಿದಾನಂದಪ್ಪನ ಕಿವಿಯಲ್ಲಿ ಹೇಳಿ, "ನೀನ ಒತ್ತಪ್ಪ," ಅಂದ.

ಒಂದು ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಚಿದಾನಂದಪ್ಪ ಅವನ ಕುರ್ಚಿಯಲ್ಲಿ ಕೂತು, ಅವನ ಪದ ಒತ್ತಿ, ಪರದೆಗೆ ಬೆರಳೂರಿ, ಮೂಗಿನಲ್ಲಿ ಮಾತಾಡುತ್ತ ಎಲ್ಲರನ್ನೂ ನಗಿಸುತ್ತಿದ್ದ. ಕುರುಗೋಡಿನ ವಿರೂಪಮ್ಮನ ಖಾತೆಯಿಂದ ಎರಡು ಸಾವಿರ ತೆಗೆದು ಸಿರುಗುಪ್ಪದ ಭತ್ತದ ವ್ಯಾಪಾರಿಯ ಖಾತೆಗೆ ಹಾಕಬೇಕಿತ್ತು; ನಗುವಿನ ನಡುವೆ ಅವನು ಅದನ್ನು ನಿಜವಾಗಿಯೇ ಒತ್ತುತ್ತಿರುವುದನ್ನು ಯಾರೂ ಗಮನಿಸಲಿಲ್ಲ. ತೆಗೆದದ್ದಾಯಿತು, ಹಾಕುವ ಮೊದಲೇ ಕರೆಂಟ್ ಹೋಯಿತು. ಬಂದ ಮೇಲೆ, ತೆಗೆದದ್ದು ಯಂತ್ರದಲ್ಲಿ ಉಳಿದಿದೆಯೋ ಇಲ್ಲವೋ ನೋಡದೆ, ಮತ್ತೆ ಮೊದಲಿಂದ ಒತ್ತಿದ. ವಿರೂಪಮ್ಮನಿಗೆ ಎರಡು ಸಲ ಕಳೆಯಿತು. ಅವತ್ತೇ ಆಕೆಯ ಇನ್ನೊಂದು ಚೆಕ್ಕು ರೊಕ್ಕ ಸಾಲದೆಂದು ವಾಪಸ್ಸಾಯಿತು. ಆಕೆ ಕೌಂಟರಿನ ಮುಂದೆ ಎಲ್ಲರೆದುರು ತಲೆ ತಗ್ಗಿಸಿ ನಿಂತಳು.

ಸಂಜೆ ತಾಳೆ ನೋಡುವಾಗ ತಪ್ಪು ಸಿಕ್ಕಿತು. ಅಚ್ಚಿನಲ್ಲಿ ಮರಿಬಸಪ್ಪನ ಹೆಸರಿತ್ತು.

"ಹೆಸರು ನಂದೈತಲ್ರಿ. ಮತ್ತ ನಾನ," ಎಂದು ಅವನು ಮೆಮೊಗೆ ಸಹಿ ಹಾಕಿದ. ಮರುದಿನದಿಂದ ಟಪಾಲು ಅಂಟಿಸುವ ಕೆಲಸ. ಚಿದಾನಂದಪ್ಪ ಅವನ ದನಿ ತೆಗೆಯುವುದನ್ನು ಬಿಟ್ಟ. ತನ್ನದನ್ನೂ ತೆಗೆಯಲಿಲ್ಲ.

*

ಗುರುಬಸಮ್ಮ ಬಂದು ಗಂಡನ ಪಕ್ಕ ಕೂತಳು. "ಚಿದಾನಂದಪ್ಪ, ನೀನು ಇವ್ರ ದನಿ ಮಾಡ್ತೀಯಂತ. ಒಂದ್ಸಲ ಮಾಡಪ್ಪ."

"ಬ್ಯಾಡ್ರಿ ಅಕ್ಕಾರ."

"ಮೆಮೊ ಬಂದಾಗಿಂದ ಮನ್ಯಾಗ ಬಾಯೇ ಬಿಟ್ಟಿಲ್ಲ ಇವ್ರು. ವರ್ಷಾತು. ಮಣ್ಣಿಗಿಡೂಕಿಂತ ಮೊದ್ಲ ಒಂದು ಮಾತು ಕೇಳ್ತೀನಿ."

"ಮಾಡಲೇ, ಅಷ್ಟು ಕೇಳಾಕತ್ತಾರ," ಅಂದ ವೆಂಕಣ್ಣ.

ಚಿದಾನಂದಪ್ಪನ ಒಂದು ಕೈ ಇನ್ನೂ ಗದ್ದದ ಕೆಳಗಿತ್ತು. ಮೂಗಿನ ದನಿ ತಾನಾಗಿ ಬಂತು.

"ಗುರುಬಸೂ, ಆ ತಪ್ಪು ನಂದಲ್ಲ."

ಜಗಲಿಯ ಮೇಲಿದ್ದವರು ತಿರುಗಿ ನೋಡಿದರು. ಚಿದಾನಂದಪ್ಪ ತನ್ನ ದನಿಯಲ್ಲಿ ಹೇಳಿದ:

"ನಂದ್ರಿ ಅಕ್ಕಾರ. ನಾನ ಒತ್ತಿದ್ದು."

ಗುರುಬಸಮ್ಮ ಅವನ ಕೈ ಸರಿಸಿ ಗಂಡನ ಗದ್ದವನ್ನು ತಾನು ಹಿಡಿದುಕೊಂಡಳು. "ಎತ್ರಿ. ಹೊತ್ತಾತು."

ಕೊಳಗಲ್ಲಿನ ಹೊಲದಲ್ಲಿ ಕುಣಿ ತೆಗೆದಿದ್ದರು. ಕೂತ ಭಂಗಿಯಲ್ಲೇ ಇಳಿಸಿ, ಪತ್ರಿ ಹಾಕಿದ ಮೇಲೆ, ಬ್ಯಾಂಕಿನವರು ಒಬ್ಬರಾದ ಮೇಲೊಬ್ಬರು ಸಲಿಕೆ ಹಿಡಿದು ಮಣ್ಣೆಳೆದರು. ವೆಂಕಣ್ಣ ತನ್ನ ಸರದಿ ಮುಗಿಸಿ, ಚಿದಾನಂದಪ್ಪನ ಎದೆಯ ಮುಂದಿನಿಂದಲೇ ಸಲಿಕೆಯನ್ನು ಆಚೆಯವನಿಗೆ ದಾಟಿಸಿದ.

ಚಿದಾನಂದಪ್ಪ ಕುಣಿಯ ಅಂಚಿನಲ್ಲಿ ಮಂಡಿಯೂರಿದ. ಎರೆಮಣ್ಣಿನ ಹೆಂಟೆಗಳನ್ನು ಬರಿಗೈಯಲ್ಲಿ ಪುಡಿಮಾಡಿ, ಒಂದೊಂದೇ ಹಿಡಿ, ಒಳಗೆ ಬಿಡತೊಡಗಿದ.